ಟ್ಯಾಂಕ್ ನಂದು, ಬೀಗ ಮಾತ್ರ ಕಂಪನಿದು

ಬಂಕಿನಲ್ಲಿ ನಿಮ್ಮ ಬೈಕಿಗೆ ಹಾಕುವ ಪೆಟ್ರೋಲ್ ಬದಲಾಗಿದೆ. ನಿಮ್ಮನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅವತ್ತು 84 ಬಂಕುಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್. ಎಥನಾಲ್ ಬೆರೆಸದ ಪೆಟ್ರೋಲೂ ಬಂಕಿನಲ್ಲಿ ಸಿಗಲಿ ಅಂತ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಮೊದಲೇ ಹೇಳಿಬಿಡ್ತೀನಿ, ನಾನು ಎಥನಾಲ್ ವಿರೋಧಿಯಲ್ಲ. ಮಂಡ್ಯದ, ಬೆಳಗಾವಿಯ ಕಬ್ಬು ಬೆಳೆಗಾರನಿಗೆ ಇನ್ನೊಬ್ಬ ಗಿರಾಕಿ ಸಿಕ್ಕರೆ, ದೇಶದ ತೈಲದ ಬಿಲ್ ಒಂದಿಷ್ಟು ಇಳಿದರೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರು ಬೇರೆ. ಟ್ಯಾಂಕಿನೊಳಗಿನ ಇಂಧನವನ್ನು ಬದಲಾಯಿಸಿದವರು, ಅದನ್ನು ಅಳೆದು ಎಂಜಿನ್ನಿಗೆ ಬಡಿಸುವ ಪೆಟ್ಟಿಗೆಯನ್ನು ಹಳೇ ಲೆಕ್ಕದಲ್ಲೇ ಬಿಟ್ಟಿದ್ದಾರೆ. ಆ ಪೆಟ್ಟಿಗೆಗೆ ಬೀಗ ಜಡಿದಿದೆ. ಬೀಗದ ಕೈ, ದುಡ್ಡು ಕೊಟ್ಟು ಬೈಕ್ ಕೊಂಡ ನಿಮ್ಮ ಹತ್ತಿರ ಇಲ್ಲ.

ಆ ಪೆಟ್ಟಿಗೆಯ ಹೆಸರು ಇಸಿಯು. ಕಾರ್ಬುರೇಟರ್ ಇಲ್ಲದ ಎಲ್ಲ ಬೈಕಿನಲ್ಲೂ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಂತೂ ಹೊಸ ಬೈಕುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ. ಕ್ರ್ಯಾಂಕ್ ಎಲ್ಲಿದೆ, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ಸೆನ್ಸರ್‌ಗಳನ್ನು ಕೇಳಿಕೊಂಡು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಪ್ಲಗ್ ಯಾವ ಕ್ಷಣಕ್ಕೆ ಕಿಡಿ ಹಾರಿಸಬೇಕು ಅಂತ ಇದು ನಿರ್ಧರಿಸುತ್ತದೆ. 6000 ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿಗೆ ನಾಲ್ಕೂ ಹೆಜ್ಜೆ ಮುಗಿಸಲು ಸಿಗುವುದು ಬರೀ 20 ಮಿಲಿಸೆಕೆಂಡ್. ಅಷ್ಟರಲ್ಲಿ ಲೆಕ್ಕ ಮುಗೀಬೇಕು. ಹಾಗಂತ ಒಳಗಿರುವುದು ಬ್ರಹ್ಮವಿದ್ಯೆಯೇನಲ್ಲ. ನೀವು ದಿನಾ ಆಫೀಸಿನಲ್ಲಿ ನೋಡುವ ಎಕ್ಸೆಲ್ ಶೀಟಿನಂಥದೇ ಒಂದು ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಥ್ರಾಟಲ್, ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ. ಇದಕ್ಕೆ ಮ್ಯಾಪ್ ಅಂತಾರೆ.

ಈಗ ಲೆಕ್ಕ ನೋಡಿ. ಶುದ್ಧ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಗ್ರಾಂ ಸಾಕು. ಇವೆರಡನ್ನೂ ಬೆರೆಸಿದರೆ ಇ10ಕ್ಕೆ 14.1ರ ಆಸುಪಾಸು, ಇ20ಗೆ 13.5ರ ಆಸುಪಾಸು ಬರುತ್ತದೆ. ಅಂದರೆ ಇ10 ನಂಬಿಕೊಂಡು ಬರೆದ ಮ್ಯಾಪಿಗೆ ಇ20 ಸುರಿದರೆ, ಅಷ್ಟೇ ಗಾಳಿಗೆ ಶೇ. 4ರಷ್ಟು ಹೆಚ್ಚು ಇಂಧನ ಬೇಕು. ಕೊಡದಿದ್ದರೆ ಎಂಜಿನ್ 'ಲೀನ್' ಓಡುತ್ತದೆ, ಗಾಳಿ ಹೆಚ್ಚು, ಇಂಧನ ಕಮ್ಮಿ.

'ಆಕ್ಸಿಜನ್ ಸೆನ್ಸರ್ ಇದ್ಯಲ್ಲ, ಅದೇ ಸರಿಮಾಡಿಕೊಳ್ಳುತ್ತೆ' ಅಂತ ಒಂದು ಸಮಾಧಾನ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ಸೈಲೆನ್ಸರ್ ಪೈಪಿನಲ್ಲಿ ಕೂತ ಆ ಪುಟ್ಟ ಸೆನ್ಸರ್ 'ಇಂಧನ ಹೆಚ್ಚಾಯ್ತು, ಕಮ್ಮಿಯಾಯ್ತು' ಅಂತಷ್ಟೇ ಹೇಳಬಲ್ಲದು. ಔಟರ್ ರಿಂಗ್ ರೋಡಿನಲ್ಲಿ ತೆವಳುವಾಗ ಇಸಿಯು ಅದರ ಮಾತು ಕೇಳಿ ತಿದ್ದಿಕೊಳ್ಳುತ್ತದೆ. ಆದರೆ ಶಿರಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು ಥ್ರಾಟಲ್ ಪೂರ್ತಿ ತಿರುಗಿಸಿದಾಗ ಬಹುತೇಕ ಬೈಕುಗಳ ಇಸಿಯು ಸೆನ್ಸರಿನ ಮಾತು ಬಿಟ್ಟು ತನ್ನ ಕೋಷ್ಟಕವನ್ನೇ ನಂಬುತ್ತದೆ. ಎಂಜಿನ್ನಿಗೆ ಅತಿ ಹೆಚ್ಚು ಬಿಸಿ, ಅತಿ ಹೆಚ್ಚು ಭಾರ ಇರುವ ಹೊತ್ತಿನಲ್ಲೇ ಹಳೇ ಲೆಕ್ಕ ಓಡುತ್ತಿರುತ್ತದೆ.

ಇದು ನಾನೊಬ್ಬ ಹೇಳುವ ಮಾತಲ್ಲ. 2021ರ ನೀತಿ ಆಯೋಗದ ಎಥನಾಲ್ ಮಾರ್ಗನಕ್ಷೆ ತೆಗೆದು ನೋಡಿ. ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ಇ20 ಹಾಕಿದರೆ ಮೈಲೇಜ್ ಶೇ. 3ರಿಂದ 4ರಷ್ಟು ಬೀಳುತ್ತದೆ ಅಂತ ಅದರಲ್ಲೇ ಇದೆ. ಎಂಜಿನ್ನಿನ ಭಾಗ ಮತ್ತು ಟ್ಯೂನಿಂಗ್ ಬದಲಿಸಿದರೆ ಆ ನಷ್ಟ ಕಮ್ಮಿ ಮಾಡಬಹುದು ಅಂತಲೂ ಇದೆ. ಇನ್ನೂ ಮುಖ್ಯವಾದದ್ದು: ಇ20 ತಡೆಯುವ ಭಾಗಗಳಿರುವ ಗಾಡಿ 2023ರ ಏಪ್ರಿಲ್‌ನಿಂದ, ಇ20ಗೇ ಟ್ಯೂನ್ ಮಾಡಿದ ಎಂಜಿನ್ 2025ರ ಏಪ್ರಿಲ್‌ನಿಂದ ಅಂತ ಅದು ಎರಡು ಬೇರೆ ಬೇರೆ ತಾರೀಖು ಕೊಟ್ಟಿದೆ. ಅಂದರೆ ಟ್ಯೂನಿಂಗ್ ಅನ್ನೋದು ಪ್ರತ್ಯೇಕ ಕೆಲಸ ಅಂತ ಸರ್ಕಾರಕ್ಕೂ ಗೊತ್ತಿತ್ತು, ಕಂಪನಿಗಳಿಗೂ ಗೊತ್ತಿತ್ತು. ಹೊಸ ಗಾಡಿಗೆ ಆ ಕೆಲಸ ಮಾಡ್ತಾರೆ. ರಸ್ತೆ ಮೇಲಿರುವ ಕೋಟ್ಯಂತರ ಹಳೇ ಗಾಡಿಗಳಿಗೆ? ಅಲ್ಲಿ ಅಡ್ಡಗೋಡೆ ಮೇಲೆ ದೀಪ.

ನನ್ನದು 2018ರ ಬೈಕ್, ಬಿಎಸ್4, ಒಂದೇ ಸಿಲಿಂಡರ್, ಇಂಜೆಕ್ಷನ್ ಇದೆ. ಏರು ಹತ್ತುವಾಗ ಮುಕ್ಕಾಲು ಥ್ರಾಟಲ್‌ನಲ್ಲಿ ತಡವರಿಸೋಕೆ ಶುರುಮಾಡಿತು. ಪ್ಲಗ್, ಫಿಲ್ಟರ್, ಪೆಟ್ರೋಲ್ ಪಂಪ್ ಎಲ್ಲ ಹೊಸದು ಹಾಕಿಸಿದ್ದಾಗಿತ್ತು. ಸರ್ವೀಸ್ ಸೆಂಟರ್‌ಗೆ ಒಯ್ದೆ.

"ಸರ್, ಎರರ್ ಕೋಡ್ ಏನೂ ಇಲ್ಲ. ಗಾಡಿ ಸರಿಯಾಗೇ ಇದೆ."

"ಇ20ಗೆ ಮ್ಯಾಪ್ ಅಪ್‌ಡೇಟ್ ಏನಾದ್ರೂ ಬಂದಿದ್ಯಾ?"

"ಅದು ನಮ್ಮ ಕೈಲಿಲ್ಲ ಸರ್. ಕಂಪನಿಯಿಂದಾನೇ ಬರಬೇಕು."

"ಬರುತ್ತಾ?"

"ಹಳೇ ಮಾಡೆಲ್ ಅಲ್ವಾ ಸರ್… ಎಕ್ಸ್‌ಚೇಂಜ್ ಆಫರ್ ನಡೀತಿದೆ, ಹೊಸದು ನೋಡ್ತೀರಾ?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕೈಯಲ್ಲೂ ಬೀಗದ ಕೈ ಇಲ್ಲ. ಆದರೆ ಅವನ ಮಾತಿನಲ್ಲಿ ಇಡೀ ವ್ಯಾಪಾರ ಇದೆ ನೋಡಿ. ನಾಲ್ಕು ಪರ್ಸೆಂಟ್ ಅಂಕಿ ತಿದ್ದಿದರೆ ಸರಿಹೋಗುವ ಗಾಡಿಗೆ ಅವರ ಹತ್ತಿರ ಇರುವ ಔಷಧ ಹೊಸ ಗಾಡಿ, ಹೊಸ ಸಾಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಯನ್ನು ನಿಮ್ಮ ಅಪ್ಪನೋ ಚಿಕ್ಕಪ್ಪನೋ ಓಡಿಸಿರಬಹುದು. ಪೆಟ್ರೋಲ್ ಸರಿಬರಲಿಲ್ಲ ಅಂದ್ರೆ ಬೀದಿ ಕೊನೆಯ ಮೆಕ್ಯಾನಿಕ್ ಒಂದು ಸ್ಕ್ರೂ ಡ್ರೈವರ್ ತಗೊಂಡು ಕಾರ್ಬುರೇಟರ್ ತಿರುಗಿಸೋನು. ಸಾಲದಿದ್ದರೆ ಜೆ.ಸಿ. ರೋಡಿನಿಂದ ಬೇರೆ ಜೆಟ್ ತಂದು ಹಾಕೋನು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಮ್ಯಾಪ್ ತಿದ್ದುವುದೂ ಅದೇ ಕೆಲಸ. ಸ್ಕ್ರೂ ಜಾಗದಲ್ಲಿ ಅಂಕಿ ಬಂದಿದೆ, ಸ್ಕ್ರೂ ಡ್ರೈವರ್ ಜಾಗದಲ್ಲಿ ಲ್ಯಾಪ್‌ಟಾಪ್. ಅಷ್ಟಕ್ಕೇ ಆ ಹಕ್ಕು ನಮ್ಮ ಕೈ ತಪ್ಪಿತು, ನಾವು ಗಮನಿಸಲೂ ಇಲ್ಲ.

ಹಾಗಾಗಿ ನಾನು ಕಂಪನಿಯ ಇಸಿಯು ಬಿಚ್ಚಿಟ್ಟು ಪ್ರೋಗ್ರಾಂ ಮಾಡಬಹುದಾದ ಒಂದನ್ನು ಹಾಕಿಸಿಕೊಂಡೆ. ಇದೇನು ಕಳ್ಳ ಮಾಲಲ್ಲ. 2001ರ ಸುಮಾರಿಗೇ ಅಮೆರಿಕದಲ್ಲಿ ಇಬ್ಬರು ಹವ್ಯಾಸಿಗಳು ಮೆಗಾಸ್ಕ್ವರ್ಟ್ ಅನ್ನೋದನ್ನು ಮಾಡಿ ಅದರ ವಿವರ ಎಲ್ಲರಿಗೂ ಹಂಚಿದರು. ಆಮೇಲೆ ಬಂದ ಸ್ಪೀಡುಇನೋ ನಿಮ್ಮ ಕಾಲೇಜ್ ಪ್ರಾಜೆಕ್ಟಿನಲ್ಲಿ ಬಳಸಿದ ಆರ್ಡುಇನೋ ಮೆಗಾ ಬೋರ್ಡಿನ ಮೇಲೇ ಓಡುತ್ತದೆ, ಸೋರ್ಸ್ ಕೋಡ್ ಪೂರ್ತಿ ಬಯಲು. ಮೂಲ ಇಸಿಯು ಇರುವಲ್ಲೇ ಇಟ್ಟು, ಅದರ ಸಿಗ್ನಲ್ ಮಾತ್ರ ನಡುವೆ ತಿದ್ದುವ ಪಿಗ್ಗಿಬ್ಯಾಕ್ ಪೆಟ್ಟಿಗೆಗಳೂ ಇವೆ; ಪವರ್‌ಟ್ರಾನಿಕ್ ಅನ್ನುವಂಥದ್ದು ತಯಾರಾಗುವುದೇ ನಮ್ಮ ಬೆಂಗಳೂರಿನಲ್ಲಿ.

ಮಾಡಿದ್ದು ಇಷ್ಟೇ. ಪೈಪಿಗೆ ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಲಾಗ್ ತೆಗೆದೆವು. ಲ್ಯಾಂಬ್ಡಾ ಅನ್ನೋ ಅಳತೆಯಲ್ಲಿ 1 ಅಂದರೆ ಸರಿಸಮ, ಅದಕ್ಕಿಂತ ಕಮ್ಮಿಯಾದರೆ ಇಂಧನ ಹೆಚ್ಚು. ಪೂರ್ತಿ ಭಾರದಲ್ಲಿ 0.88ರ ಹತ್ತಿರ ಇರಬೇಕಾದದ್ದು, ಮೂಲ ಮ್ಯಾಪಿನಲ್ಲಿ 0.92 ತೋರಿಸುತ್ತಿತ್ತು. ಆ ಮನೆಗಳಿಗೆ ಮಾತ್ರ ನಾಲ್ಕೈದು ಪರ್ಸೆಂಟ್ ಸೇರಿಸಿದೆವು. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದಲ್ಲೇ ಇದೆ, ಆಕ್ಸಿಜನ್ ಸೆನ್ಸರ್ ಕೆಲಸ ಮಾಡ್ತಿದೆ, ಸೈಲೆನ್ಸರ್ ಕಂಪನಿದೇ. ಬೈಕ್ ರಾಕೆಟ್ ಆಗಲಿಲ್ಲ. ತಡವರಿಕೆ ಹೋಯ್ತು, ಅಷ್ಟೇ. ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳ ಚಿಂತೆ ಮ್ಯಾಪಿನಿಂದ ತೀರುವುದಿಲ್ಲ, ಅದು ಬೇರೆ ಖರ್ಚು.

ಈಗ ಎದುರು ವಾದಕ್ಕೆ ಬರ್ತೀನಿ, ಯಾಕಂದ್ರೆ ಅದರಲ್ಲಿ ತಿರುಳಿದೆ. 'ಬೀಗ ತೆಗೆದರೆ ಎಲ್ಲರೂ ನಿಮ್ಮ ಥರ ಇರ್ತಾರಾ? ಕನ್ವರ್ಟರ್ ಕಿತ್ತೆಸೆದು, ರಾತ್ರಿ ಹನ್ನೆರಡಕ್ಕೆ ಇಂದಿರಾನಗರದಲ್ಲಿ ಪಟಪಟ ಪಟಾಕಿ ಹೊಡೆಸಿಕೊಂಡು ಹೋಗೋರ ಗತಿ ಏನು?' ಅವರನ್ನು ಹಿಡಿದು ದಂಡ ಹಾಕಿ, ನನ್ನ ಪೂರ್ತಿ ಬೆಂಬಲ ಇದೆ. ಬಾಣಂತಿ, ಕಂದಮ್ಮ, ಬೆಳಗ್ಗೆ ಶಿಫ್ಟ್ ಇರೋರು ಮಲಗಿರುವ ಬೀದಿಯಲ್ಲಿ ಬೇಕಂತಲೇ ಸೈಲೆನ್ಸರಿನಲ್ಲಿ ಪೆಟ್ರೋಲ್ ಸುಡುವವನಿಗೆ ಟ್ಯೂನರ್ ಅನ್ನಬೇಡಿ. ಬೀಗಕ್ಕೆ ಸಮರ್ಥನೆ ಒದಗಿಸಿಕೊಡ್ತಿರೋನೇ ಅವನು. ಆದರೆ ಈ ಬೀಗ ಇರುವಾಗಲೇ ಅವನು ಪಟಾಕಿ ಹೊಡೀತಿದ್ದಾನಲ್ಲ ಸ್ವಾಮಿ? ಬೀಗ ತಡೀತಿರೋದು ಯಾರನ್ನ?

ಬೀಗ ಇದ್ದರೆ ಗಾಳಿ ಶುದ್ಧ ಅನ್ನೋ ನಂಬಿಕೆಗೆ 2015ರಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದಲ್ಲಿ ಗಾಡಿಯ ಸಾಫ್ಟ್‌ವೇರ್ ತೆರೆಯುವ ಹಕ್ಕು ಮಾಲೀಕರಿಗೆ ಕೊಡಬೇಕೋ ಬೇಡವೋ ಅಂತ ಕಾಪಿರೈಟ್ ಕಚೇರಿಯಲ್ಲಿ ವಿಚಾರಣೆ ನಡೀತಿತ್ತು. ಅಲ್ಲಿನ ಪರಿಸರ ಸಂಸ್ಥೆ ಇಪಿಎ ಜುಲೈನಲ್ಲಿ ಪತ್ರ ಬರೆದು, ಕೊಡಬೇಡಿ, ಜನ ಹೊಗೆ ನಿಯಂತ್ರಣ ಕೆಡಿಸ್ತಾರೆ ಅಂತು. ಎರಡು ತಿಂಗಳು ಕಳೆದು ಸೆಪ್ಟೆಂಬರ್‌ನಲ್ಲಿ ಅದೇ ಇಪಿಎ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ, ಆ ಹೊತ್ತಿಗಷ್ಟೇ ಹೊಗೆ ಕಮ್ಮಿ ಮಾಡುವ ಕೋಡನ್ನು ಕಂಪನಿಯೇ ಇಸಿಯು ಒಳಗೆ ಬರೆದಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳು, ಎಲ್ಲಕ್ಕೂ ಭದ್ರವಾದ ಬೀಗ. ಕಳ್ಳತನದ ಸುಳಿವು ಸಿಕ್ಕಿದ್ದು ಅಳತೆಯ ಯಂತ್ರವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಗಿಳಿದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಗೆ. ಅಕ್ಟೋಬರ್‌ನಲ್ಲಿ ಮಾಲೀಕರಿಗೆ ರಿಪೇರಿ ಮತ್ತು ಕಾನೂನುಬದ್ಧ ಬದಲಾವಣೆಯ ವಿನಾಯಿತಿಯೂ ಸಿಕ್ಕಿತು. ಪಾಠ ಸರಳ: ಹೊಗೆ ಅಳೆಯಿರಿ, ಪೆಟ್ಟಿಗೆ ಕಾಯಬೇಡಿ.

ನಮ್ಮಲ್ಲಿ ಕಾನೂನು ಏನನ್ನುತ್ತೆ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತು. ಆರ್‌ಸಿಯಲ್ಲಿ ಬಣ್ಣ ಇದೆ, ಸಿಸಿ ಇದೆ, ಮ್ಯಾಪ್ ಅನ್ನೋ ಕಾಲಂ ಇಲ್ಲ. ಆದರೂ ಸಿಗ್ನಲ್ ಹತ್ತಿರ ನಿಲ್ಲಿಸಿದ ಅಧಿಕಾರಿಯ ಜೊತೆ ಈ ಸೂಕ್ಷ್ಮ ವಾದಿಸುವ ಧೈರ್ಯ ಯಾರಿಗಿದೆ?

ಆದರೆ ಅದೇ ಸೆಕ್ಷನ್ 52ರಲ್ಲಿ ಒಂದು ಕಿಟಕಿಯೂ ಇದೆ. ಬೇರೆ ಇಂಧನಕ್ಕೆ ಹೊಂದಿಸಲು, ನಿಗದಿತ ಷರತ್ತಿನ ಮೇಲೆ ಕಿಟ್ ಹಾಕಿ ಎಂಜಿನ್ ಬದಲಿಸಬಹುದು. ನಮ್ಮೂರಿನ ಪೆಟ್ರೋಲ್ ಆಟೋಗಳಿಗೆ ಎಲ್‌ಪಿಜಿ ಕಿಟ್ ಬಿದ್ದದ್ದು ಆ ದಾರಿಯಲ್ಲೇ: ಮಾನ್ಯತೆ ಪಡೆದ ಕಿಟ್, ಅಧಿಕೃತ ಗ್ಯಾರೇಜ್, ಆರ್‌ಸಿಯಲ್ಲಿ ನಮೂದು. ಆಟೋ ಅಣ್ಣನಿಗೆ ಇಂಧನ ಬದಲಿಸಿಕೊಳ್ಳೋಕೆ ದಾರಿ ಮಾಡಿಕೊಟ್ಟ ಕಾನೂನು, ಸರ್ಕಾರವೇ ಇಂಧನ ಬದಲಿಸಿದಾಗ ಬೈಕಿನವನಿಗೆ ಯಾಕೆ ದಾರಿ ಕೊಡಬಾರದು?

ನಾನು ಕೇಳುವುದು ಮೂರು. ಒಂದು, 2025ಕ್ಕೆ ಮುಂಚಿನ ಪ್ರತಿ ಇಂಜೆಕ್ಷನ್ ಬೈಕಿಗೂ ತಯಾರಕರು ಇ20 ಮ್ಯಾಪನ್ನು ಉಚಿತವಾಗಿ ಕೊಡಲಿ. ಎರಡು, ಕೊಡಲಾಗದಿದ್ದರೆ ಬೀಗದ ಕೈ ಮಾಲೀಕನಿಗೆ ಬಿಟ್ಟುಕೊಡಲಿ, ಪ್ರೋಗ್ರಾಂ ಮಾಡಬಹುದಾದ ಇಸಿಯುಗಳಿಗೆ ಎಲ್‌ಪಿಜಿ ಕಿಟ್ಟಿನಂತೆ ಮಾನ್ಯತೆಯ ವ್ಯವಸ್ಥೆ ಬರಲಿ. ಮೂರು, ಗಾಡಿ ನಿಂತಲ್ಲೇ, ಐಡ್ಲಿಂಗ್‌ನಲ್ಲಿ ಪೈಪಿಗೆ ಕಡ್ಡಿ ತೂರಿಸುವ ಈಗಿನ ಪಿಯುಸಿ ಶಾಸ್ತ್ರ ಬಿಟ್ಟು, ಟ್ಯೂನ್ ಮಾಡಿದ ಗಾಡಿಯನ್ನು ರೋಲರ್ ಮೇಲೆ ಓಡಿಸಿ ಹೊಗೆ, ಸದ್ದು ಎರಡನ್ನೂ ಅಳೆಯಲಿ. ಪಾಸಾದರೆ ಆರ್‌ಸಿಯಲ್ಲಿ ಬರೆಯಲಿ. ಫೇಲಾದರೆ ದಂಡ ಹಾಕಲಿ, ನಾನೇ ಮೊದಲು ಕ್ಯೂನಲ್ಲಿ ನಿಲ್ತೀನಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರುಮಾಡಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ರಿಪೇರಿ ಹಕ್ಕು ಅಂದರೆ ಬ್ರೇಕ್ ಪ್ಯಾಡಿನ ಬೆಲೆಪಟ್ಟಿ ಮಾತ್ರ ಅಲ್ಲ, ಮ್ಯಾಪೂ ಸೇರಬೇಕು. ಅದು ಸೇರಬೇಕಾದರೆ ಕೇಳುವವರು ಬೇಕು. ಮುಂದಿನ ಸರ್ವೀಸಿಗೆ ಹೋದಾಗ ಆಯಿಲ್, ಚೈನು, ವಾಶಿಂಗ್ ಜೊತೆ ಜಾಬ್ ಕಾರ್ಡಿನಲ್ಲಿ ಇನ್ನೊಂದು ಸಾಲು ಬರೆಸಿ: 'ಇ20ಗೆ ಮ್ಯಾಪ್ ಅಪ್‌ಡೇಟ್ ಬೇಕು.' ಇಲ್ಲ ಅಂದರೆ, ಇಲ್ಲ ಅನ್ನೋದನ್ನೂ ಅದೇ ಕಾರ್ಡಿನಲ್ಲಿ ಬರೆದುಕೊಡಿ ಅನ್ನಿ. ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ.