ಹಳದಿ ದೀಪ ಉರಿದ ಮಾತ್ರಕ್ಕೆ ಕನ್ವರ್ಟರ್ ಹೋಗಿದೆಯೇ?

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0420 ಎಂಬ ಕೋಡ್ ಸಿಗುತ್ತದೆ. ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಿಸಬೇಕು’ ಎಂಬ ಮಾತು ಹಿಂದೆಯೇ ಬರುತ್ತದೆ. ಅದು ಹತ್ತಾರು ಸಾವಿರ ರೂಪಾಯಿಯ ಸಾಮಾನು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಉಡಿಗಾಲದಿಂದ ತೆರಕಣಾಂಬಿ ಮಾರುಕಟ್ಟೆಗೋ ಚಾಮರಾಜನಗರದ ಆಸ್ಪತ್ರೆಗೋ ಓಡಾಡುವ ಮನೆಗೆ ಅದು ಸಣ್ಣ ಹೊರೆಯಲ್ಲ. ಆದರೆ ಆ ಕೋಡ್ ಹೇಳುವುದು ಇಷ್ಟೇ: ಕನ್ವರ್ಟರ್ ಹೊಗೆಯನ್ನು ಸಾಕಷ್ಟು ಶುದ್ಧಿ ಮಾಡುತ್ತಿರುವಂತೆ ಕಾಣುತ್ತಿಲ್ಲ. ಯಾಕೆ ಎಂದು ಅದು ಹೇಳುವುದಿಲ್ಲ. ಅದನ್ನು ಹುಡುಕದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಬೇಗ ಹಾಳಾಗಬಹುದು.

ಕನ್ವರ್ಟರ್ ಇರುವುದು ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ. ಉಕ್ಕಿನ ಡಬ್ಬಿಯೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳ ಪಿಂಗಾಣಿ ಗಟ್ಟಿ. ಅದರ ಮೈಗೆ ಪ್ಲಾಟಿನಂ, ಪಲಾಡಿಯಂ, ರೋಡಿಯಂ ಲೇಪನ. ಬೆಲೆ ಅಷ್ಟಿರುವುದು ಈ ಲೋಹಗಳಿಂದಲೇ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದ ಮೇಲೆ ಇದು ವಿಷಕಾರಿ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಉರಿಯದೆ ಉಳಿದ ಪೆಟ್ರೋಲನ್ನು ಉರಿಸುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತದೆ. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸ ತಾಗಿದರೆ ಲೇಪನ ಸತ್ತುಹೋಗುತ್ತದೆ. ಹಾಗಾಗಿ ಜೊತೆಗೇ ಸೀಸರಹಿತ ಪೆಟ್ರೋಲ್ ತರಬೇಕಾಯಿತು, 2000ದಲ್ಲಿ ಅದು ದೇಶಕ್ಕೆಲ್ಲ ಬಂತು.

ಮೂರೂ ಕೆಲಸ ಒಟ್ಟಿಗೆ ಆಗಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಎಂಬ ಲೆಕ್ಕ ತಪ್ಪಬಾರದು. ಆ ಲೆಕ್ಕ ಕಾಯುವುದು ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿ ಮಾಡಿದ ಈ ಸೆನ್ಸರನ್ನು 1976ರಲ್ಲಿ ವೋಲ್ವೊ ಮೊದಲು ಕಾರಿಗೆ ಹಾಕಿತು. ಈಗಿನ ಕಾರುಗಳಲ್ಲಿ ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಮುಂದಿನದು ಪೆಟ್ರೋಲಿನ ಅಳತೆಗೆ, ಹಿಂದಿನದು ಕನ್ವರ್ಟರಿನ ಮೇಲೆ ಕಣ್ಣಿಡುವುದಕ್ಕೆ.

ಪತ್ತೆಯ ಕೀಲಿ ಇರುವುದು ಇಲ್ಲೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು, ‘ಅಣ್ಣ, ಎರಡೂ ಸೆನ್ಸರಿನ ಗ್ರಾಫ್ ಒಟ್ಟಿಗೆ ತೋರಿಸಿ’ ಎಂದು ಮೆಕ್ಯಾನಿಕ್ಕನ್ನು ಕೇಳಿ. ಮುಂದಿನ ಸೆನ್ಸರಿನ ಗೆರೆ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯುತ್ತಿರಬೇಕು. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಂತಿರಬೇಕು. ಕನ್ವರ್ಟರ್ ಆಮ್ಲಜನಕವನ್ನು ಹಿಡಿದಿಟ್ಟು ಬಳಸುತ್ತಿದೆ ಎಂದು ಅದರ ಅರ್ಥ. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿದ್ದರೆ ಕನ್ವರ್ಟರಿನ ಮೇಲೆ ಅನುಮಾನ ಪಡಬಹುದು. ಮುಂದಿನದೇ ಒಂದೆಡೆ ಜಡವಾಗಿ ನಿಂತಿದ್ದರೆ ಮೊದಲು ಆ ಸೆನ್ಸರನ್ನೂ ಅದರ ವೈರನ್ನೂ ನೋಡಬೇಕು. ಪಿ0135 ಬಂದರೆ ಸೆನ್ಸರಿನೊಳಗಿನ ಹೀಟರಿನ ದೋಷ. ಫ್ಯೂಸ್ ಹೋಗಿದ್ದರೂ ಅದೇ ಕೋಡ್ ಬರುತ್ತದೆ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಮುಂದಿನ ಸೆನ್ಸರ್ ಬೇರೆ ಬಗೆಯದು, ಹೀಗೆ ಏರಿಳಿಯುವುದೇ ಇಲ್ಲ. ಅದನ್ನು ತಿಳಿಯದೆ ಒಳ್ಳೆಯ ಸೆನ್ಸರನ್ನೇ ಕಿತ್ತೆಸೆಯುವುದುಂಟು.

ಗ್ರಾಫ್ ಕೆಟ್ಟದಾಗಿ ಕಂಡರೂ ದುಡ್ಡು ಬಿಚ್ಚುವ ಮೊದಲು ಪೈಪಿನ ಜಾಯಿಂಟುಗಳನ್ನು ನೋಡಿಸಿ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಕೆಳಗೆ ಟಿಕ್ ಟಿಕ್ ಸದ್ದು, ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಲೀಕ್ ಇದೆ. ಆ ಸಂದಿಯಿಂದ ಹೊರಗಿನ ಗಾಳಿ ಒಳಸೇರುತ್ತದೆ. ಸೆನ್ಸರ್ ‘ಪೆಟ್ರೋಲ್ ಕಡಿಮೆಯಾಗಿದೆ’ ಎಂದು ತಪ್ಪು ತಿಳಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ. ಇಷ್ಟಕ್ಕೆಲ್ಲ ಕಾರಣ ಒಂದು ಗ್ಯಾಸ್ಕೆಟ್ ಆಗಿರಬಹುದು.

ನೋಡಬೇಕಾದ ಎರಡನೆಯ ಕಾರಣ ಎಂಜಿನ್ ಮಿಸ್ ಹೊಡೆಯುವುದು. ಸ್ಪಾರ್ಕ್ ಪ್ಲಗ್ಗೋ ಕಾಯಿಲ್ಲೋ ಕೈಕೊಟ್ಟರೆ ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರಿನಲ್ಲಿ ಉರಿಯುತ್ತದೆ. ಪಿಂಗಾಣಿ ಕರಗುವಷ್ಟು ಬಿಸಿಯಾಗುತ್ತದೆ. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿಟುಕುತ್ತಿದ್ದರೆ ಮಿಸ್ ಫೈರ್ ಜೋರಾಗಿದೆ ಎಂದರ್ಥ. ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಕೂಲಂಟ್ ಕಾಣದಂತೆ ಕಡಿಮೆಯಾಗುತ್ತಿದ್ದರೆ, ಅವೆರಡೂ ಸೆನ್ಸರಿಗೂ ಕನ್ವರ್ಟರಿಗೂ ವಿಷವೇ.

ಕನ್ವರ್ಟರ್ ಕಟ್ಟಿಕೊಂಡಿದ್ದರೆ ಲಕ್ಷಣ ಬೇರೆ. ಪಿಕಪ್ ಇರುವುದಿಲ್ಲ, ಎಷ್ಟು ಒತ್ತಿದರೂ ರೇಸ್ ಏರುವುದಿಲ್ಲ, ಘಾಟಿಯಲ್ಲಿ ಕಾರು ಏದುಸಿರು ಬಿಡುತ್ತದೆ. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿದರೆ ಗೊತ್ತಾಗುತ್ತದೆ; 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಮುಚ್ಚಿದೆ. ತಣ್ಣಗಿದ್ದಾಗ ಡಬ್ಬಿಯನ್ನು ಮೆಲ್ಲಗೆ ತಟ್ಟಿದರೆ ಒಳಗೆ ಗಲಗಲ ಎನ್ನುವುದು ಗಟ್ಟಿ ಒಡೆದ ಗುರುತು.

ನಮ್ಮ ಭಾಗದವರಿಗೆ ಇನ್ನೊಂದು ಮಾತು ಹೇಳಲೇಬೇಕು. ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆಗೆ ಹರಡಿ ಒಕ್ಕಣೆ ಮಾಡುತ್ತಾರೆ. ಒಣಗಿದ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ನೂರಾರು ಡಿಗ್ರಿ ಬಿಸಿಯಿರುವ ಕನ್ವರ್ಟರಿಗೋ ಸೈಲೆನ್ಸರಿಗೋ ತಾಗಿದರೆ ಹೊತ್ತಿಕೊಳ್ಳುತ್ತದೆ. ಮಿಸ್ ಹೊಡೆಯುವ ಕಾರಿನಲ್ಲಂತೂ ಅಪಾಯ ಇಮ್ಮಡಿ. ಬೇಸಿಗೆಯಲ್ಲಿ ಬಂಡೀಪುರದ ಅಂಚಿನ ಒಣಹುಲ್ಲಿನ ಮೇಲೆ ಬಿಸಿ ಕಾರು ನಿಲ್ಲಿಸುವುದೂ ಇಷ್ಟೇ ಅಪಾಯ.

ಕೆಲವರು ಒಳಗಿನ ಗಟ್ಟಿಯನ್ನು ಒಡೆದು ತೆಗೆದು ಖಾಲಿ ಡಬ್ಬಿ ಹಾಕಿಕೊಡುತ್ತಾರೆ. ಇದನ್ನು ಒಪ್ಪಬೇಡಿ. ವಿಷಗಾಳಿಯನ್ನು ಉಸಿರಾಡುವವರು ನಮ್ಮ ಬೀದಿಯ ಮಕ್ಕಳೇ. ಬಿಎಸ್-4 ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟಿನಲ್ಲಿ ಐಡಲ್‌ನಲ್ಲಿದ್ದಾಗ ಕಾರ್ಬನ್ ಮಾನಾಕ್ಸೈಡ್ ಶೇ 0.3 ಮೀರಬಾರದು, ಹೆಚ್ಚಿನ ರೇಸಿನಲ್ಲಿ ಲ್ಯಾಂಬ್ಡಾ, ಅಂದರೆ ಗಾಳಿ-ಪೆಟ್ರೋಲ್ ಲೆಕ್ಕದ ಅಳತೆ, 0.97ರಿಂದ 1.03ರೊಳಗಿರಬೇಕು. ಆ ಟೆಸ್ಟಿನ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳದೆ ಒಮ್ಮೆ ಓದಿ. ಲ್ಯಾಂಬ್ಡಾ 1.03 ದಾಟಿದ್ದರೆ ಲೀಕನ್ನೂ ಮಿಸ್ ಫೈರನ್ನೂ ಮೊದಲು ನೋಡಿಸಿ. ಕನ್ವರ್ಟರ್ ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಕೇಳಿ ಪಡೆಯಿರಿ, ಗುಜರಿಯಲ್ಲೂ ಅದಕ್ಕೆ ಬೆಲೆಯಿದೆ.

ರಿಪೇರಿಯ ನಂತರ ಕೋಡ್ ಅಳಿಸಿದ ತಕ್ಷಣ ದೀಪ ಆರುವುದು ಸಹಜ; ಅದನ್ನು ನಂಬಿ ಬಿಲ್ ಮುಗಿಸಬೇಡಿ. ಕಂಪ್ಯೂಟರ್ ಕನ್ವರ್ಟರನ್ನು ಮತ್ತೆ ಪರೀಕ್ಷಿಸಬೇಕಾದರೆ ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಗುಂಡ್ಲುಪೇಟೆಗೆ ಒಂದೆರಡು ಸಲ ಹೋಗಿ ಬಂದು ಮತ್ತೆ ಸ್ಕ್ಯಾನ್ ಮಾಡಿಸಿ. ಆ ಪರೀಕ್ಷೆ ಪೂರ್ತಿಯಾಗಿದೆ ಎಂದು ಸ್ಕ್ಯಾನರ್ ತೋರಿಸಿ, ಪಿ0420 ಮರಳದಿದ್ದರೆ, ನಿಮ್ಮ ಹಳೆಯ ಕನ್ವರ್ಟರ್ ಇನ್ನೂ ಗಟ್ಟಿಯಾಗಿದೆ.