ಅಮೇರಿಕದ ಅಧ್ಯಕ್ಷಪದವೂ ಮತದ ಮರ್ಯಾದೆಯೂ

ನಾಲ್ಕು ವರ್ಷಗಳಿಗೊಮ್ಮೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷನ ಚುನಾವಣೆಯು ನಡೆಯುತ್ತಲೇ ನಮ್ಮ ಊರುಗಳ ವಾಚನಾಲಯಗಳಲ್ಲಿಯೂ ಗೆದ್ದವನಾರು, ಸೋತವನಾರು ಎಂಬ ಚರ್ಚೆಯು ಏಳುವದು. ಗೆದ್ದವನ ಗುಣದೋಷಗಳನ್ನು ಕುರಿತು ರಾಜಕೀಯ ವಿಮರ್ಶಕರು ಪುಟಗಟ್ಟಲೆ ಬರೆಯುವರು. ಆದರೆ ಆ ಚುನಾವಣೆಗಳಿಂದ ನಾವು ಕಲಿಯಬೇಕಾದ ಪಾಠವು ಗೆದ್ದವನ ಚರಿತ್ರೆಗಿಂತ ಲೆಕ್ಕಕ್ಕೆ ಬಾರದೆ ಹೋದ ಮತದಾರನ ಚರಿತ್ರೆಯಲ್ಲಿಯೇ ಹೆಚ್ಚಾಗಿರುವದೆಂದು ನಮ್ಮ ಅಭಿಪ್ರಾಯ.

ಮೊದಲು ಅಲ್ಲಿಯ ಪದ್ಧತಿಯನ್ನು ನೋಡೋಣ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂಡಿದ ಘಟನಾಕಾರರು ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸುವ ಏರ್ಪಾಡನ್ನು ಮಾಡಲಿಲ್ಲ. ಒಂದೊಂದು ಸಂಸ್ಥಾನಕ್ಕೆ ಇಂತಿಷ್ಟು ನಿರ್ವಾಚಕರೆಂದು ಗೊತ್ತುಪಡಿಸಿದರು. ಜನಸಂಖ್ಯೆಯ ಲೆಕ್ಕದಲ್ಲಿ ಐವರು ದಾಸರನ್ನು ಮೂವರೆಂದು ಹಿಡಿದರು. ದಾಸನು ಒಡೆಯನ ಪ್ರಾಂತದ ಬಲವನ್ನು ಹೆಚ್ಚಿಸಿದನೇ ಹೊರತು ತಾನು ಮತವನ್ನು ಕೊಡಲಿಲ್ಲ. ಇಂದು ನಿರ್ವಾಚಕರ ಸಂಖ್ಯೆ 538. ಅವರಲ್ಲಿ 270 ಜನರು ಯಾರ ಕಡೆಗೋ ಅವನೇ ಅಧ್ಯಕ್ಷ. ಮೇನ್ ಮತ್ತು ನೆಬ್ರಾಸ್ಕಾಗಳ ಹೊರತು ಉಳಿದ ಸಂಸ್ಥಾನಗಳಲ್ಲಿ ಒಂದೇ ಮತ ಹೆಚ್ಚಾದರೂ ಆ ಸಂಸ್ಥಾನದ ನಿರ್ವಾಚಕರೆಲ್ಲರೂ ಗೆದ್ದವನ ಪಾಲು. ಹೀಗಿರುವದರಿಂದಲೇ 1824, 1876, 1888, 2000 ಮತ್ತು 2016ರಲ್ಲಿ ಜನರ ಮತಗಳನ್ನು ಹೆಚ್ಚು ಪಡೆದವರು ಅಧ್ಯಕ್ಷರಾಗಲಿಲ್ಲ. 2016ರಲ್ಲಿ ಸೋತ ಹಿಲರಿ ಕ್ಲಿಂಟನ್ನರಿಗೆ ಎದುರಾಳಿಗಿಂತ ಸುಮಾರು 28 ಲಕ್ಷ ಮತಗಳು ಹೆಚ್ಚಾಗಿದ್ದವು.

ಇವುಗಳಲ್ಲಿ 1876ರ ಚುನಾವಣೆಯನ್ನು ನ್ಯಾಯವಾದಿಗಳೂ ಉಪಾಧ್ಯಾಯರೂ ವಿಶೇಷವಾಗಿ ಅಭ್ಯಾಸ ಮಾಡತಕ್ಕದ್ದು. ಡೆಮಾಕ್ರಟಿಕ್ ಪಕ್ಷದ ಟಿಲ್ಡನ್ನನಿಗೆ ಸುಮಾರು ಎರಡೂವರೆ ಲಕ್ಷ ಮತಗಳು ಹೆಚ್ಚು ಬಂದಿದ್ದವು. ಗೆಲ್ಲಲು 185 ನಿರ್ವಾಚಕರು ಬೇಕಾಗಿರಲು ಅವನಿಗೆ 184 ಜನರು ನಿರ್ವಿವಾದವಾಗಿ ದೊರೆತಿದ್ದರು. ಫ್ಲಾರಿಡಾ, ಲೂಯಿಸಿಯಾನಾ, ದಕ್ಷಿಣ ಕ್ಯಾರೊಲಿನಾ ಮತ್ತು ಓರೆಗಾನ್‌ಗಳ 20 ನಿರ್ವಾಚಕರ ವಿಷಯದಲ್ಲಿ ವಾದವೆದ್ದಿತು. ಐವರು ಸೆನೆಟರು, ಐವರು ಪ್ರತಿನಿಧಿಗಳು, ಐವರು ವರಿಷ್ಠ ನ್ಯಾಯಾಧೀಶರು ಕೂಡಿದ ಮಂಡಲಿಯೊಂದು ನೇಮಕವಾಯಿತು. ಅದು ಪ್ರತಿಯೊಂದು ಮುಖ್ಯ ಪ್ರಶ್ನೆಯಲ್ಲಿಯೂ 8ಕ್ಕೆ 7ರಂತೆ ಪಕ್ಷಾನುಸಾರವಾಗಿಯೇ ಒಡೆಯಿತು. ಇಪ್ಪತ್ತೂ ರಿಪಬ್ಲಿಕನ್ ಪಕ್ಷದ ಹೇಯ್ಸನಿಗೆ ಸಂದು, 1877ರ ಮಾರ್ಚಿಯಲ್ಲಿ ಅವನು 185ಕ್ಕೆ 184ರಿಂದ ಅಧ್ಯಕ್ಷನಾದನು.

ಟಿಲ್ಡನ್ನನಿಗೆ ಅನ್ಯಾಯವಾಯಿತೆಂದು ಹೇಳಿ ಸುಮ್ಮನಾಗುವದು ಸುಲಭ. ಆದರೆ ದಕ್ಷಿಣದಲ್ಲಿ ಅವನ ಪಕ್ಷಕ್ಕೆ ಬಂದ ಮತಗಳ ಹಿಂದೆ ಬಂದೂಕಿನ ಹೆದರಿಕೆಯೂ ಇದ್ದಿತು. 1870ರಲ್ಲಿ ಘಟನೆಯ ಹದಿನೈದನೆಯ ತಿದ್ದುಪಡಿಯಿಂದ ಮತದ ಹಕ್ಕನ್ನು ಪಡೆದ ಕರಿಯ ಪ್ರಜೆಗಳನ್ನು ಹೊಡೆದು ಬಡಿದು ಮತಗಟ್ಟೆಯಿಂದ ದೂರವಿಟ್ಟಿದ್ದರು. ಇತ್ತ ರಿಪಬ್ಲಿಕನ್ನರ ಕೈಯಲ್ಲಿದ್ದ ಎಣಿಕೆಯ ಮಂಡಲಿಗಳು ಎದುರಾಳಿಯ ಮತಗಳನ್ನು ತಳ್ಳಿಹಾಕಿದವು. ಕೊನೆಗೆ ಎರಡೂ ಪಕ್ಷದವರು ಒಳಗಿಂದೊಳಗೆ ಹೊಂದಿಕೊಂಡರು. ಹೇಯ್ಸನು ಅಧಿಕಾರಕ್ಕೆ ಬಂದ ಎರಡನೆಯ ತಿಂಗಳಲ್ಲಿಯೇ ದಕ್ಷಿಣದ ರಾಜಧಾನಿಗಳಲ್ಲಿ ಕಾವಲಿದ್ದ ಕೇಂದ್ರದ ಸೈನ್ಯವು ಹಿಂದೆಗೆಯಿತು. ಟಿಲ್ಡನ್ನನು ಕಳೆದುಕೊಂಡದ್ದು ಒಂದು ಪದವಿಯನ್ನು. ಕರಿಯ ಪ್ರಜೆಯು ಕಳೆದುಕೊಂಡದ್ದು ತನ್ನ ರಕ್ಷಣೆಯನ್ನು. ಆ ಮೇಲೆ ತಲೆಗಂದಾಯವೆಂದೂ ಓದುಬರಹದ ಪರೀಕ್ಷೆಯೆಂದೂ ಅಡ್ಡಿಗಳು ಹುಟ್ಟಿ ಅವನ ಮತವು ಹೆಸರಿಗೆ ಮಾತ್ರ ಉಳಿಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ನರು 1965ರಲ್ಲಿ ಮತದ ಹಕ್ಕಿನ ಕಾಯಿದೆಗೆ ಸಹಿ ಮಾಡುವವರೆಗೆ, ಎಂದರೆ 88 ವರ್ಷಗಳ ಕಾಲ, ಆ ಹಕ್ಕಿಗೆ ಬಲವಾದ ಆಶ್ರಯವು ದೊರೆಯಲಿಲ್ಲ. ಅಕ್ಷರವನ್ನೇ ಅಡ್ಡಗೋಡೆಯನ್ನಾಗಿ ಮಾಡಿದ ಈ ಸಂಗತಿಯು ಅಕ್ಷರ ಕಲಿಸುವ ನಮ್ಮ ಉಪಾಧ್ಯಾಯ ಬಂಧುಗಳ ಮನಸ್ಸನ್ನು ಕಲಕದೆ ಇರಲಾರದು. 1951-52ರಲ್ಲಿ ನಮ್ಮ ದೇಶದ ಮೊದಲನೆಯ ಮಹಾಚುನಾವಣೆಯು ಓದುಬಾರದ ಒಕ್ಕಲಿಗನಿಗೂ ಚಿಹ್ನೆಯನ್ನು ನೋಡಿ ಮತ ಕೊಡಲು ಅವಕಾಶವಿತ್ತಿತೆಂಬುದರ ಬೆಲೆಯು ಇದರಿಂದ ತಿಳಿದೀತು.

ಹಾಗೆಂದು ಆ ದೇಶದಲ್ಲಿ ಒಳ್ಳೆಯ ಸಂಪ್ರದಾಯವೇ ಇಲ್ಲವೆನ್ನಲಾಗದು. 2000ರಲ್ಲಿ ಫ್ಲಾರಿಡಾದ 537 ಮತಗಳ ಅಂತರದ ಮರುಎಣಿಕೆಯನ್ನು ವರಿಷ್ಠ ನ್ಯಾಯಾಲಯವು 5ಕ್ಕೆ 4ರಂತೆ ನಿಲ್ಲಿಸಿತು. ದೇಶದಲ್ಲೆಲ್ಲ ಐದು ಲಕ್ಷಕ್ಕೂ ಮಿಕ್ಕಿ ಹೆಚ್ಚು ಮತಗಳಿದ್ದ ಅಲ್ ಗೋರರು ಆ ತೀರ್ಪನ್ನು ಒಪ್ಪಲಿಲ್ಲವೆಂದರೂ ಅದಕ್ಕೆ ತಲೆಬಾಗಿದರು. ಉಪಾಧ್ಯಕ್ಷರಾದುದರಿಂದ 2001ರ ಜನವರಿಯಲ್ಲಿ ಎದುರಾಳಿಯ ಜಯವನ್ನು ತಾವೇ ಸಾರಿದರು. 2021ರ ಜನವರಿ 6ರಂದು ಇದೇ ಎಣಿಕೆಯನ್ನು ತಡೆಯಲು ಗುಂಪೊಂದು ಶಾಸನಸಭೆಯ ಕಟ್ಟಡಕ್ಕೆ ನುಗ್ಗಿತು. ಆದರೂ ಸಭೆಯು ಮತ್ತೆ ಕೂಡಿ, ರಾತ್ರಿಯಿಡೀ ಕುಳಿತು ಕೆಲಸವನ್ನು ಮುಗಿಸಿತು. 2025ರ ಜನವರಿ 6ರಂದು ಕಮಲಾ ಹ್ಯಾರಿಸರು ಅದೇ ಪೀಠದಿಂದ ತಮ್ಮ ಸೋಲನ್ನು ತಾವೇ ಓದಿ ಹೇಳಿದರು.

ಸೋತವನು ತಲೆಬಾಗುವದು ಪ್ರಜಾರಾಜ್ಯದ ದೊಡ್ಡ ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ 1877ರ ಒಡಂಬಡಿಕೆಯೂ ಶಾಂತಿಯ ಹೆಸರಿನಲ್ಲಿಯೇ ನಡೆಯಿತೆಂಬುದನ್ನು ಮರೆಯಲಾಗದು. ಇಬ್ಬರು ದೊಡ್ಡವರು ರಾಜಿಯಾದಾಗ ಆ ರಾಜಿಯ ವೆಚ್ಚವನ್ನು ಯಾರು ತೆತ್ತರೆಂದು ಕೇಳುವದು ಪತ್ರಿಕೆಗಳ ಕರ್ತವ್ಯ, ವಾಚಕರ ಕರ್ತವ್ಯ. ಮುಂದಿನ ಸಲ ಅಮೇರಿಕದ ಫಲಿತಾಂಶವು ಬಂದಾಗ ಗೆದ್ದವನ ಹೆಸರನ್ನು ಓದಿದ ಮೇಲೆ ಈ ಒಂದು ಪ್ರಶ್ನೆಯನ್ನೂ ಕೇಳಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ: ಆ ಮತಗಟ್ಟೆಯ ಬಾಗಿಲಿನಿಂದ ಯಾರನ್ನಾದರೂ ಹಿಂದಕ್ಕೆ ಕಳುಹಿಸಿದರೇ?