ಏಳು ಕಂತಿನ ಕಾವೇರಿ

ತಲಕಾವೇರಿಯಿಂದ ಸಮುದ್ರದವರೆಗೆ ಕಾವೇರಿಯ ಉದ್ದ ಸುಮಾರು 800 ಕಿಲೋಮೀಟರು. ನಾವು ನಾಲ್ವರು ಗೆಳೆಯರು ಸೈಕಲ್ ತುಳಿದು ಅದನ್ನು ಮುಗಿಸಲು ಮೂರು ಚಳಿಗಾಲ ತೆಗೆದುಕೊಂಡೆವು. ಒಂದೇ ಉಸಿರಿಗೆ ಅಲ್ಲ, ಕಂತಿನಲ್ಲಿ. ಮಕ್ಕಳೇ, ಕಂತು ಅಂದರೇನು ಅಂತ ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಕೇಳಿ. ಮನೆ ಸಾಲ ತೀರಿಸುತ್ತಿರುವವರಾದರೆ ಒಂದು ನಿಟ್ಟುಸಿರನ್ನೂ ಸೇರಿಸಿ ಉತ್ತರ ಹೇಳುತ್ತಾರೆ.

ನಾಲ್ವರು ಅಂದರೆ ಪ್ರೈಮರಿ ಶಾಲೆಯ ಮೇಷ್ಟ್ರು, ಅಂಚೆ ಕಚೇರಿಯಲ್ಲಿದ್ದ ಒಬ್ಬರು, ನಮ್ಮ ಬೀದಿಯ ಟೈಲರ್ ಮತ್ತು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು. ಟೈಲರ್ ಒಬ್ಬರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಪಿಂಚಣಿ. ಒಟ್ಟು ವಯಸ್ಸು ಕೂಡಿದರೆ ಇನ್ನೂರ ಎಂಬತ್ತು ದಾಟುತ್ತದೆ. ಇಂಥವರು ಒಂದೇ ಸಲಕ್ಕೆ 800 ಕಿಲೋಮೀಟರು ಹೊರಟರೆ ಮನೆಯವರು ಬಿಡುವುದಿಲ್ಲ, ಮೊಣಕಾಲೂ ಬಿಡುವುದಿಲ್ಲ. ಡಾಕ್ಟರು ಮಾತ್ರ, ‘ದಿನಕ್ಕೆ ಮೂವತ್ತೈದು ನಲವತ್ತು ಕಿಲೋಮೀಟರು, ಬಿಸಿಲು ಏರುವ ಮುಂಚೆ, ಆಮೇಲೆ ಎರಡು ತಿಂಗಳು ರೆಸ್ಟ್’ ಅಂದರು. ಕಂತು ಹುಟ್ಟಿದ್ದು ಹಾಗೆ.

ನಿಯಮಗಳನ್ನು ನಾನೇ ಒಂದು ಹಳೇ ಲೆಡ್ಜರಿನ ಮೊದಲ ಪುಟದಲ್ಲಿ ಬರೆದೆ. ಹಿಂದಿನ ಕಂತು ಎಲ್ಲಿ ನಿಂತಿತೋ ಅದೇ ಜಾಗದಿಂದ ಮುಂದಿನದು ಶುರುವಾಗಬೇಕು, ಅರ್ಧ ಕಿಲೋಮೀಟರೂ ಹಾರಿಸುವಂತಿಲ್ಲ. ಎಲ್ಲರಿಗಿಂತ ನಿಧಾನ ತುಳಿಯುವವನು ಮುಂದೆ ಹೋಗಬೇಕು, ಗಟ್ಟಿಗ ಹಿಂದೆ ಬರಬೇಕು. ಶಾಲೆಯಿಂದ ಪಿಕ್ನಿಕ್ ಹೋಗುವ ಮಕ್ಕಳು ಇದನ್ನು ಮಾಡಿ ನೋಡಿ, ಯಾರೂ ಕಳೆದುಹೋಗುವುದಿಲ್ಲ. ಏರಿನಲ್ಲಿ ಇಳಿದು ಸೈಕಲ್ ತಳ್ಳಿದರೆ ಅವಮಾನವಿಲ್ಲ. ಕೊನೆಯದನ್ನು ಸೇರಿಸಿದ್ದು ಮೇಷ್ಟ್ರು.

ತುಲಾ ಸಂಕ್ರಮಣದ ಜಾತ್ರೆ ಮುಗಿದು ಜನಸಂದಣಿ ಇಳಿದ ಮೇಲೆ, ನವೆಂಬರಿನಲ್ಲಿ, ತಲಕಾವೇರಿಯಿಂದ ಹೊರಟೆವು. ಅಲ್ಲಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರು ಬರೀ ಇಳಿಜಾರು. ಇಳಿಜಾರು ಸುಖ ಅಂದುಕೊಳ್ಳುವವರು ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದ ನಮ್ಮನ್ನು ನೋಡಬೇಕಿತ್ತು. ಭಾಗಮಂಡಲದಲ್ಲಿ ಕನಕೆ ಬಂದು ಸೇರುತ್ತಾಳೆ. ನಾಪೋಕ್ಲು, ಸಿದ್ದಾಪುರದ ಕಾಫಿ ತೋಟಗಳ ನಡುವೆ ಹಾದು ಕುಶಾಲನಗರಕ್ಕೆ ಬಂದು ನಿಂತದ್ದು ಒಂದನೇ ಕಂತು. ಅಲ್ಲಿಂದ ರಾಮನಾಥಪುರ, ಚುಂಚನಕಟ್ಟೆ, ಕನ್ನಂಬಾಡಿ ನೋಡಿಕೊಂಡು ಶ್ರೀರಂಗಪಟ್ಟಣಕ್ಕೆ ಎರಡನೆಯದು. ಮೂರನೆಯದರಲ್ಲಿ ತಿರುಮಕೂಡಲು, ತಲಕಾಡು, ಶಿವನಸಮುದ್ರ, ಕೊಳ್ಳೇಗಾಲ.

ಶಿವನಸಮುದ್ರದಲ್ಲಿ ಮೇಷ್ಟ್ರು ಪಾಠ ಮಾಡದೆ ಬಿಡಲಿಲ್ಲ. 1902ರಲ್ಲಿ ಇಲ್ಲಿ ವಿದ್ಯುತ್ ತಯಾರಿಸಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಕಳಿಸಿದರು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ‘ಗಣಿ ಮೊದಲು, ಬೀದಿ ಆಮೇಲೆ’ ಅಂದರು ಟೈಲರ್. ಕಾವೇರಿಯ ನಡುಗಡ್ಡೆಗಳಲ್ಲಿ ಮೂವರು ರಂಗನಾಥರು ಮಲಗಿದ್ದಾರೆ ಅನ್ನುವುದು ನಿಮ್ಮ ಅಜ್ಜಿಗೆ ಗೊತ್ತಿರುತ್ತದೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಿರುಚ್ಚಿಯ ಶ್ರೀರಂಗದಲ್ಲಿ ಅಂತ್ಯರಂಗ. ಒಂದೇ ದಿನದಲ್ಲಿ ಮೂವರನ್ನೂ ಕಾಣುವ ಭಕ್ತರಿದ್ದಾರೆ. ನಮಗೆ ಆದಿಯಿಂದ ಅಂತ್ಯಕ್ಕೆ ಹೋಗಲು ಎರಡು ವರ್ಷ ಹಿಡಿಯಿತು. ರಂಗನಾಥನೇನೂ ಎದ್ದು ಹೋಗಿರಲಿಲ್ಲ.

ಅಂಚೆಯವರ ಒಂದು ಅಭ್ಯಾಸ ಹೇಳಲೇಬೇಕು. ಮಲಗಿದ ಪ್ರತಿ ಊರಿನಿಂದಲೂ ಮೊಮ್ಮಗಳಿಗೆ ಒಂದು ಐವತ್ತು ಪೈಸೆ ಕಾರ್ಡು. ಅದರಲ್ಲಿ ಎರಡೇ ಸಾಲು, ಜೊತೆಗೆ ಆ ಊರಿನ ಪಿನ್‌ಕೋಡು. ನಮ್ಮ ರಾಜ್ಯದ ಪಿನ್‌ಕೋಡುಗಳೆಲ್ಲ 5ರಿಂದ ಶುರು, ತಮಿಳುನಾಡಿನವು 6ರಿಂದ. ಮೆಟ್ಟೂರಿನ ಕಾರ್ಡು ತಲುಪಿದ ದಿನ ಆ ಹುಡುಗಿ ಫೋನ್ ಮಾಡಿ, ‘ತಾತ, ನೀನು 6ಕ್ಕೆ ಹೋಗಿದ್ದೀಯ!’ ಎಂದು ಕೂಗಿದ್ದು ಪಕ್ಕದಲ್ಲಿದ್ದ ನಮಗೂ ಕೇಳಿಸಿತು.

ತೊಡಕು ಬಂದದ್ದು ಆ ನಾಲ್ಕನೇ ಕಂತಿನಲ್ಲೇ. ಕೊಳ್ಳೇಗಾಲ ದಾಟಿದ ಮೇಲೆ ನದಿ ಕಾಡಿನ ಕಮರಿಗೆ ಇಳಿದು ಮೇಕೆದಾಟು, ಹೊಗೇನಕಲ್ಲಿನ ಕಡೆ ಹೋಗಿಬಿಡುತ್ತದೆ. ನದಿಯ ಪಕ್ಕದಲ್ಲೇ ಸೈಕಲ್ ಹೋಗುವಂಥ ದಾರಿಯಿಲ್ಲ. ಹನೂರು, ಮಲೆ ಮಹದೇಶ್ವರ ಬೆಟ್ಟ, ಪಾಲಾರ್ ಮೂಲಕ ಬೆಟ್ಟ ಹತ್ತಿಳಿದು ಮೆಟ್ಟೂರಿನಲ್ಲಿ ಮತ್ತೆ ನದಿಯನ್ನು ಹಿಡಿಯಬೇಕು. ಇಡೀ ಯಾತ್ರೆಯಲ್ಲಿ ಕಷ್ಟದ ದಾರಿ ಅದೇ. ಹೊರಡುವ ಹಿಂದಿನ ದಿನ ಟೈಲರ್ ಮನೆಯಾಕೆಗೆ ಕಣ್ಣಿನ ಆಪರೇಷನ್ ಗೊತ್ತಾಯಿತು. ‘ನೀವು ಹೋಗಿ ಬನ್ನಿ. ನನಗೋಸ್ಕರ ಕಾದರೆ ನಾನು ಯಾತ್ರೆಯನ್ನೇ ಬಿಡ್ತೀನಿ’ ಅಂದರು. ಆ ಮನುಷ್ಯ ಆಡಿದರೆ ಆಡಿದ ಹಾಗೆ ಮಾಡುವವರು. ಮೂವರೇ ಹೋಗಿ ಬಂದೆವು.

ಮುಂದಿನ ಕಂತುಗಳಿಗೆ ಅವರು ಬಂದರು. ಮೆಟ್ಟೂರಿನಿಂದ ಭವಾನಿ, ಈರೋಡ್, ಕೊಡುಮುಡಿ, ಕರೂರು. ಇಳಿಜಾರು ಮುಗಿದು ನೆಲ ಸಪಾಟಾಗಿತ್ತು, ಬಿಸಿಲು ಮಾತ್ರ ಜನವರಿಯಲ್ಲೂ ಚುರುಕು. ಮೈಸೂರಿನಲ್ಲಿ ಸಂಜೆ ರೈಲು ಹತ್ತಿದರೆ ಕರೂರು, ಕುಂಭಕೋಣದ ಕಡೆಗೆಲ್ಲ ಬದಲಾಯಿಸದೆ ಹೋಗಬಹುದು. ಸೈಕಲ್ಲುಗಳನ್ನು ಲಗೇಜಿನಲ್ಲಿ ಬುಕ್ ಮಾಡಿಸುತ್ತಿದ್ದೆವು. ಹ್ಯಾಂಡಲ್ಲಿಗೆ ಹೆಸರು, ಊರು ಬರೆದ ರಟ್ಟು ಕಟ್ಟುವುದು ಅಂಚೆಯವರ ಇಲಾಖೆ.

ಕುಳಿತಲೈ ಕಡೆಯ ಬಾಳೆ ತೋಟಗಳ ದಾರಿಯಲ್ಲಿ ಶಾಲೆಯ ಹುಡುಗಿಯರು ಸೈಕಲ್ಲಿನಲ್ಲಿ ನಮ್ಮ ಜೊತೆ ಪಂದ್ಯ ಕಟ್ಟಿದರು. ನಾವು ಸೋತದ್ದನ್ನು ಲೆಡ್ಜರಿನಲ್ಲಿ ದಾಖಲಿಸಿದ್ದೇನೆ. ತಿರುಚ್ಚಿಯ ಆಚೆ ಕಲ್ಲಣೈ. ಕರಿಕಾಲ ಚೋಳ ಸುಮಾರು ಎರಡು ಸಾವಿರ ವರ್ಷದ ಹಿಂದೆ ಕಟ್ಟಿಸಿದ್ದು ಅನ್ನುತ್ತಾರೆ. ನಂತರ ರಿಪೇರಿ, ಬದಲಾವಣೆ ಎಲ್ಲ ಆಗಿದ್ದರೂ ಇವತ್ತಿಗೂ ಅದು ಕೆಲಸದಲ್ಲಿದೆ. ನಿವೃತ್ತಿಯೇ ಇಲ್ಲದ ನೌಕರ ಎಂದು ನಾವು ನಾಲ್ವರೂ ನಿಂತು ಮರ್ಯಾದೆ ಕೊಟ್ಟೆವು.

ಅಲ್ಲಿಂದ ಮುಂದೆ ಕಾವೇರಿ ಕವಲೊಡೆದು ಕವಲೊಡೆದು ಗದ್ದೆಗಳಿಗೆ ಹಂಚಿಹೋಗುತ್ತಾಳೆ. ತಿರುವೈಯಾರು, ಕುಂಭಕೋಣ, ಮಯಿಲಾಡುತುರೈ ದಾಟಿ ಪೂಂಪುಹಾರಿಗೆ ಬಂದಾಗ ಮೇಷ್ಟ್ರು ಪೆಚ್ಚಾದರು. ಸಮುದ್ರ ಸೇರುವ ನದಿ ಅಂದರೆ ಆಚೆ ದಡ ಕಾಣದಷ್ಟು ಅಗಲ ಅಂತ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಅಲ್ಲಿದ್ದದ್ದು ಒಂದು ದೊಡ್ಡ ನಾಲೆಯಷ್ಟೇ ಅಗಲದ ನೀರು. ‘ಇಷ್ಟೇನಾ?’ ಅಂದರು. ಹಿಂದಿನ ಎರಡು ದಿನ ಎಡಕ್ಕೂ ಬಲಕ್ಕೂ ನೋಡುತ್ತ ಬಂದ ಹಸಿರು ಗದ್ದೆಗಳನ್ನು ನಾನು ತೋರಿಸಿದೆ. ನೀರು ಹೋದದ್ದು ಅಲ್ಲಿಗೆ.

ಎಲ್ಲರೂ ಅಲೆಗೆ ಕಾಲು ಕೊಟ್ಟು ನಿಂತೆವು. ಅಂಚೆಯವರು ಫೋಟೋ ತೆಗೆಯಲು ಕರೆದರೆ ಟೈಲರ್ ಮಾತ್ರ ಮರಳಿನ ಮೇಲೇ ಉಳಿದರು. ‘ನಂದು ಒಂದು ಕಂತು ಬಾಕಿ ಇದೆಯಲ್ಲ. ನಾನು ಸುಸ್ತಿದಾರ’ ಎಂದು ನಕ್ಕರು. ನಕ್ಕರು ಅಂತ ಬರೆದೆ, ಆದರೆ ಫೋಟೋದಲ್ಲಿ ನಿಲ್ಲಲಿಲ್ಲ.

ಊರಿಗೆ ಬಂದ ಮೇಲೆ ಚರ್ಚೆ ನಡೆಯಿತು. ‘ಬಸ್ಸಿನಲ್ಲಿ ಹೋಗಿ ದಾರಿ ನೋಡಿಕೊಂಡು ಬಂದರೆ ಸಾಕು’ ಅಂದರು ಅಂಚೆಯವರು. ಮೇಷ್ಟ್ರಿಗೆ ಡಾಕ್ಟರು ಇನ್ನು ಏರು ಹತ್ತಬಾರದು ಅಂದಿದ್ದರು. ಒಬ್ಬರನ್ನೇ ಕಾಡಿನ ದಾರಿಗೆ ಕಳಿಸುವ ಮಾತಂತೂ ಇಲ್ಲ. ಮೂರು ಕಾಲಂ ಭರ್ತಿಯಾಗಿ ನಾಲ್ಕನೆಯದರಲ್ಲಿ ಒಂದು ಸಾಲು ಖಾಲಿ ಇರುವ ಪುಟವನ್ನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನು ಮುಚ್ಚಿಡಲಾರ. ನಾಲ್ವರೂ ಹೋಗುವುದು, ಮೂವರು ತುಳಿಯುವುದು, ಮೇಷ್ಟ್ರು ಬಸ್ಸಿನಲ್ಲಿ ಬುತ್ತಿ, ಬ್ಯಾಗು ತರುವುದು ಎಂದು ನಾನು ಹಟ ಹಿಡಿದೆ.

ಫೆಬ್ರವರಿಯಲ್ಲಿ ಕೊಳ್ಳೇಗಾಲದ ಅದೇ ಬಸ್ ನಿಲ್ದಾಣದ ಎದುರಿನಿಂದ ಹೊರಟೆವು. ತಾಳಬೆಟ್ಟದಿಂದ ಮೇಲಕ್ಕೆ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಕಾಲ್ನಡಿಗೆಯ ಭಕ್ತರು ‘ಉಘೇ ಉಘೇ’ ಎನ್ನುತ್ತ ನಮ್ಮನ್ನು ಹಿಂದೆ ಹಾಕಿ ಹೋದರು. ಆನೆಗಳ ಕಾಡು, ಕತ್ತಲಾಗುವ ಮುಂಚೆ ಬೆಟ್ಟ ಸೇರಲೇಬೇಕು. ಎರಡು ತಿರುವಿಗೊಂದು ಕಡೆ ಟೈಲರ್ ನಿಂತು ಎದೆ ಹಿಡಿದುಕೊಳ್ಳುವರು. ‘ಬಸ್ಸಿಗೆ ಕೈ ಮಾಡಲಾ?’ ಎಂದರೆ ತಲೆ ಅಲ್ಲಾಡಿಸುವರು. ಒಂದು ಹಂತದಲ್ಲಿ ಅವರ ಸೈಕಲ್ಲನ್ನೂ ನಾನೇ ತಳ್ಳಲು ಕೈ ಹಾಕಿದೆ. ಕೈಯನ್ನು ಮೆಲ್ಲಗೆ ತೆಗೆದುಹಾಕಿದರು. ಮೇಲೆ ಮೇಷ್ಟ್ರು ಮೊಸರನ್ನದ ಡಬ್ಬಿ ಬಿಚ್ಚಿ ಕಾದಿದ್ದರು.

ಮರುದಿನ ಪಾಲಾರಿಗೆ ಇಳಿದು, ಗಡಿ ದಾಟಿ, ಮಧ್ಯಾಹ್ನದ ಹೊತ್ತಿಗೆ ಮೆಟ್ಟೂರು. ಅಣೆಕಟ್ಟಿನ ರಸ್ತೆಯಲ್ಲಿ ಒಂದು ಟೀ ಅಂಗಡಿ ಇದೆ. ನಾಲ್ಕನೇ ಕಂತು ನಿಂತದ್ದು ಅದರ ಮುಂದೆ, ಐದನೆಯದು ಶುರುವಾದದ್ದೂ ಅಲ್ಲೇ. ಟೈಲರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಅಂಚೆಯವರು ಫೋಟೋ ತೆಗೆಯಲು ಕರೆದರೆ ಈ ಸಲ ತಾವೇ ಮುಂದೆ ಬಂದು ನಿಂತರು. ಆಮೇಲೆ ಈರೋಡಿನ ಕಡೆ ಹೋಗುವ ರಸ್ತೆಯನ್ನು ಸ್ವಲ್ಪ ಹೊತ್ತು ನೋಡಿ, ‘ಇಲ್ಲಿಂದಾಚೆ ದಾರಿ ನನಗೆ ಗೊತ್ತು ಕಣ್ರಯ್ಯಾ’ ಎಂದು ಹೇಳಿ ನಾಲ್ಕು ಟೀ ಕೇಳಿದರು.